ರಾಯಾಪುರದ ಹತ್ತಿರ ಮಾತು ನಿಂತಿತು

ಬೆಳಿಗ್ಗೆ ಹಾಸಿಗೆಯಿಂದ ಎದ್ದು ನಿಲ್ಲುವುದನ್ನು ಯಾರೂ ಒಂದು ಕೆಲಸವೆಂದು ಎಣಿಸುವುದಿಲ್ಲ. ನಾನೂ ಎಣಿಸಿರಲಿಲ್ಲ. ಹರೆಯದಲ್ಲಿ ಒಂದು ಜ್ವರ ಬಂದು, ವಾರಗಟ್ಟಲೆ ಕಾಡಿ, ಬಿಟ್ಟುಹೋಯಿತು. ಹೋಗುವಾಗ ನನ್ನ ನಿಲ್ಲುವ ಶಕ್ತಿಯನ್ನೂ ಒಯ್ದಿತು. ಮಲಗಿದರೆ ಗಟ್ಟಿಮುಟ್ಟು, ಕೂತರೆ ಪರವಾಗಿಲ್ಲ, ನಿಂತರೆ ಮಾತ್ರ ಕಣ್ಣಿಗೆ ಕತ್ತಲೆ ಕವಿದು ನೆಲಕ್ಕೆ ಬೀಳುತ್ತಿದ್ದೆ. ಆ ಬೇನೆಯ ಜೊತೆಯಲ್ಲೇ ಸಂಸಾರ ಮಾಡಿ ಈಗ ಮುದುಕನಾಗಿದ್ದೇನೆ. ಹೀಗೆ ನಿಂತರೆ ಬೀಳುವವರು ಇನ್ನೂ ಕೆಲವರು ಇರಬಹುದು. ಅವರಲ್ಲಿ ಒಬ್ಬರಿಗಾದರೂ ನನ್ನಂತೆ ಆಪರೇಶನ್ನಿನ ಮೇಜು ಹತ್ತುವ ಪ್ರಸಂಗ ಬರಬಹುದು. ಅವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ನಿಜ ಹೇಳಬೇಕೆಂದರೆ, ಆ ದಿನಗಳನ್ನು ಇನ್ನೊಮ್ಮೆ ನೆನೆಯುವ ಆಸೆಯೂ ಇದೆ. ಬೇನೆಯ ದಿನಗಳಿಗೂ ಮನಸ್ಸು ಹಂಬಲಿಸುತ್ತದೆಯೇ ಎಂದು ಕೇಳಬೇಡಿ. ಆಗ ಸುತ್ತ ಇದ್ದ ಜನ ಈಗಿಲ್ಲ.

ಅದು ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲೆಲ್ಲ ಮಿಲಿಟರಿಗೆ ಹೋಗುತ್ತಿತ್ತು. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ನಮ್ಮ ಬಸ್ಸುಗಳಿಗೆ ಇದ್ದಿಲೇ ಗತಿ. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಒಲೆಯೊಂದನ್ನು ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಗ್ಯಾಸಿನ ಮೇಲೆ ಇಂಜಿನ್ನು ನಡೆಸುತ್ತಿದ್ದೆವು. ಹೊರಡುವ ಮೊದಲು ಒಲೆ ಹೊತ್ತಿಸಿ, ಪಂಕ ತಿರುವಿ, ಉರಿ ಹಿಡಿಯುವವರೆಗೆ ಕಾಯಬೇಕು. ಪ್ರಯಾಣಿಕರು ಬುತ್ತಿಯ ಗಂಟು ತೊಡೆಯ ಮೇಲಿಟ್ಟುಕೊಂಡು ಒಳಗೆ ಕೂತಿರುತ್ತಿದ್ದರು. ಯಾರಿಗೂ ಅವಸರವಿರಲಿಲ್ಲ. ನಾನು ಹುಬ್ಬಳ್ಳಿಯ ಒಂದು ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಹೆಸರು ದಸ್ತಗೀರ. ನಮ್ಮ ಅಬ್ಬಾ ಟಾಂಗಾಗಳಿಗೆ ಗಾಲಿ ಮಾಡಿಕೊಡುತ್ತಿದ್ದರು. ಮೋಟಾರಿನ ಮೇಲೆ ಅವರಿಗೆ ನಂಬಿಕೆಯೇ ಇರಲಿಲ್ಲ. ಇದ್ದಿಲ ಬಸ್ಸು ಕೆಮ್ಮುತ್ತ ನಮ್ಮ ಓಣಿಯ ಮುಂದೆ ಹೋದಾಗಲೆಲ್ಲ, "ನೋಡಪಾ, ನಿನ್ನ ಬಸ್ಸಿಗೆ ದಮ್ಮಿನ ಬ್ಯಾನಿ ಹತ್ತೇತಿ" ಎಂದು ನಗುತ್ತಿದ್ದರು.

ನನ್ನಲ್ಲಿ ಏನೋ ಕೆಟ್ಟಿದೆ ಎಂದು ಮೊದಲು ಕಂಡದ್ದು ಡ್ರೈವರ್ ಬಸಣ್ಣನಿಗೆ. ನನಗಿಂತ ಹಿರಿಯ, ಅಣ್ಣನಂತಿದ್ದವನು. ಬೇಸಿಗೆಯ ಒಂದು ಮಧ್ಯಾಹ್ನ ಒಲೆಯ ಬಾಗಿಲು ತೆಗೆದು ಬೂದಿ ಎಳೆಯುತ್ತಿದ್ದೆವು. ಅವನು ನನ್ನ ಬೆನ್ನು ಮುಟ್ಟಿ ನೋಡಿದ.

"ಲೇ ದಸ್ತು, ನಾವೆಲ್ಲ ಬೆವತು ತೊಯ್ದು ಹೋಗೇವಿ. ನಿನ್ನ ಅಂಗಿ ಹೆಂಗಪಾ ಒಣಗೇ ಐತಿ?"

ಹೌದಲ್ಲ ಎನಿಸಿತು. ಜ್ವರ ಬಿಟ್ಟ ಮೇಲೆ ನಾನು ಬೆವರಿರಲೇ ಇಲ್ಲ. ಬದಲಿಗೆ ಮೈ ಕಾದ ಹಂಚಿನಂತಾಗುತ್ತಿತ್ತು, ತಲೆ ಧಿಮ್ಮೆನ್ನುತ್ತಿತ್ತು. ಬಾಯಿ ಯಾವಾಗಲೂ ಒಣಗಿ, ನೀರಿಲ್ಲದೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಅದಾಗಿ ಕೆಲವು ದಿನಕ್ಕೆ ಬಸ್ಸಿನ ಅಡಿಯಿಂದ ತೆವಳಿ ಹೊರಬಂದು ಎದ್ದು ನಿಂತವನು ಹಾಗೇ ಕುಸಿದು ಮಡ್‌ಗಾರ್ಡಿಗೆ ಹಣೆ ಒಡೆದುಕೊಂಡೆ. ಆಮೇಲೆ ಬೀಳುವುದು ರೂಢಿಯಾಯಿತು. ನಲ್ಲಿಯ ಮುಂದೆ ಬಿದ್ದೆ, ಸಂತೆಯಲ್ಲಿ ಬಿದ್ದೆ, ಗೆಳೆಯನ ಮದುವೆಯಲ್ಲಿ ವರನ ಪಕ್ಕ ನಿಂತವನು ವರನ ಮೇಲೆಯೇ ಬಿದ್ದೆ.

ನನ್ನ ಹೆಂಡತಿ ಜೈತೂನ್ ಗರಗದ ನೇಕಾರರ ಮನೆಯವಳು. ಮದುವೆಯಾಗಿ ಬಂದು ಇನ್ನೂ ಹೊಸತು. ಓಣಿಯ ಕೆಲವು ಹೆಂಗಸರು, ಸೊಸೆಯ ಕಾಲ್ಗುಣದಿಂದ ಹೀಗಾಯಿತು ಎಂದು ಆಡಿಕೊಂಡರು. ಆ ಮಾತು ಅಬ್ಬಾನ ಕಿವಿಗೆ ಬಿತ್ತು. ಅವರು ಕೈಯಲ್ಲಿದ್ದ ಸುತ್ತಿಗೆ ಕೆಳಗಿಡದೆಯೇ ಹೊರಗೆ ಬಂದು, "ನನ್ನ ಸೊಸಿ ಬಂದ ಮ್ಯಾಲ ನನ್ನ ಮನ್ಯಾಗ ದೀಪಾ ಹತ್ತೇತಿ. ಇನ್ನೊಮ್ಮೆ ಯಾರರ ಅಂದ್ರ ನೋಡ್ರಿ" ಎಂದರು. ಮತ್ತೆ ಯಾರೂ ಅನ್ನಲಿಲ್ಲ. ಅಬ್ಬಾ ನನ್ನನ್ನು ದರ್ಗಾಕ್ಕೆ ಕರೆದೊಯ್ದು ತಾಯಿತ ಕಟ್ಟಿಸಿದರು. ಹಕೀಮರು ನಿಶ್ಶಕ್ತಿ ಎಂದರು, ಕಾಲುಸೂಪು ಕುಡಿಸಿದರು. ಸೂಪಿನ ರುಚಿ ಚೆನ್ನಾಗಿತ್ತು. ಬೀಳುವುದು ಮಾತ್ರ ತಪ್ಪಲಿಲ್ಲ.

ಇದರ ನಡುವೆ ಭಾರ ಎತ್ತಿ ಎತ್ತಿ ತೊಡೆಯ ಸಂದಿಯಲ್ಲಿ ಕರುಳು ಇಳಿದು ಗಂಟಾಯಿತು. ಹರ್ನಿಯಾ ಎಂದರು. ಮಲಗಿ ಒತ್ತಿದರೆ ಒಳಗೆ ಹೋಗುತ್ತಿತ್ತು, ಎದ್ದರೆ ಮತ್ತೆ ಇಳಿಯುತ್ತಿತ್ತು. ಆಪರೇಶನ್ ಮಾಡಿಸಿಕೊಂಡುಬಿಡೋಣ ಎಂದು ಹುಬ್ಬಳ್ಳಿಯ ಒಬ್ಬ ಡಾಕ್ಟರರ ದವಾಖಾನೆಗೆ ಹೋದೆವು. ಅವರ ಹೆಸರು ಬೇಡ. ಅವರು ಕೆಟ್ಟವರಲ್ಲ. ಬೇರೆ ಬೇನೆ ಏನಾದರೂ ಇದೆಯೇ ಎಂದು ಅವರೂ ಕೇಳಲಿಲ್ಲ, ನಿಂತರೆ ಬೀಳುತ್ತೇನೆಂದು ಹೇಳಲು ನಮಗೂ ಹೊಳೆಯಲಿಲ್ಲ.

ಮೂಗಿನ ಮೇಲೆ ಬಟ್ಟೆ ಇಟ್ಟು ಕ್ಲೋರೋಫಾರ್ಮ್ ಹನಿಸಿದರು. ಕಳಿತ ಹಣ್ಣಿನಂಥ ಸಿಹಿ ವಾಸನೆ. ಅಷ್ಟೇ ನೆನಪು. ಕಣ್ಣು ಬಿಟ್ಟಾಗ ತಲೆ ಸಿಡಿದುಹೋಗುವ ಹಾಗೆ ನೋಯುತ್ತಿತ್ತು, ಎದೆ ಯಾರೋ ಕುಟ್ಟಿದ ಹಾಗಿತ್ತು. ಅಬ್ಬಾ ನನ್ನ ಪಾದ ತಿಕ್ಕುತ್ತ ಕೂತಿದ್ದರು. ಅವರ ಗಡ್ಡ ತೊಯ್ದಿತ್ತು. ಗಂಟು ಮುಟ್ಟಿ ನೋಡಿಕೊಂಡೆ. ಇದ್ದಲ್ಲೇ ಇತ್ತು.

ಡಾಕ್ಟರರು ಬಂದು ನನ್ನ ಪಕ್ಕ ಕೂತರು. ಅವರ ಮುಖವೂ ಬಿಳಿಚಿತ್ತು.

"ಚಾಕು ಹಚ್ಚಲೇ ಇಲ್ಲಪಾ. ಅದಕ್ಕಿಂತ ಮೊದಲ ನಾಡಿ ಹೋತು. ಹೆಂಗೋ ಸೂಜಿ ಮಾಡಿ ತಿರುಗಿ ತಂದೇವಿ. ನನಗ ತಿಳೀಲಾರದ್ದು ಏನೋ ನಿನ್ನ ಮೈಯಾಗ ಅದ. ಧಾರವಾಡಕ್ಕ ಒಬ್ಬ ಡಾಕ್ಟರಬಾಯಿ ಬಂದಾರ. ಎಚ್ಚರ ತಪ್ಪಸೂ ಔಷಧದಾಗ ಛಲೋ ಕಲತವರು. ಅವರಿಗೆ ತೋರಸ್ರಿ."

ತನಗೆ ತಿಳಿಯದೆಂದು ಹೇಳಿದ ಆ ಮನುಷ್ಯನನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ.

ಧಾರವಾಡದ ಆ ಆಸ್ಪತ್ರೆಯ ಪಡಸಾಲೆಯಲ್ಲಿ ಉದ್ದನೆಯ ಒಂದೇ ಬೆಂಚು. ಕೂತು ಕೂತು ತಲೆ ಸುತ್ತಿದ್ದಕ್ಕೆ ನಾನು ಅದರ ಮೇಲೆ ಅಡ್ಡಾದೆ. ಮೊಮ್ಮಗಳನ್ನು ಕಂಕುಳಲ್ಲಿ ಹೊತ್ತು ಬಂದ ಒಬ್ಬ ಅಜ್ಜಿ ಸಿಟ್ಟಿಗೆದ್ದಳು. "ಏನ್ ಹರೇದ ಮಂದಿಪಾ! ಕೂಸಿನ್ನ ಹೊತ್ತ ಮುದಕಿ ನಿಂತೈತಿ, ಇವಾ ಕಾಲ ಚಾಚಿ ಮಲಗ್ಯಾನ." ನಾಚಿಕೆಯಾಗಿ ಎದ್ದು ನಿಂತೆ. ಮುಂದಿನದು ಗೊತ್ತೇ ಇದೆ. ಎಚ್ಚರವಾದಾಗ ನನ್ನ ತಲೆ ಆ ಅಜ್ಜಿಯ ತೊಡೆಯ ಮೇಲಿತ್ತು. ಅವಳು ಸೆರಗಿನಿಂದ ಗಾಳಿ ಹಾಕುತ್ತ, "ನನ್ನ ಬಾಯಿ ಸುಡ್ಲಿ, ನನ್ನ ಬಾಯಿ ಸುಡ್ಲಿ" ಎನ್ನುತ್ತಿದ್ದಳು. ಯಾರೋ ನನ್ನನ್ನು ಎತ್ತಿ ಕೂಡಿಸಲು ಬಂದರು.

"ಎತ್ತಬ್ಯಾಡ್ರಿ!" ಎಂದು ಬಾಗಿಲಲ್ಲಿ ಒಂದು ಹೆಣ್ಣುದನಿ ಕೇಳಿತು. "ಹಂಗ ಮಲಗಿರಲಿ. ಕಾಲು ಮ್ಯಾಲ ಮಾಡ್ರಿ."

ಅವರೇ ಡಾಕ್ಟರ್ ಸುಮತಿಬಾಯಿ. ಸೊಲ್ಲಾಪುರದ ಕಡೆಯವರು; ಕನ್ನಡದಲ್ಲಿ ಮರಾಠಿಯ ರಾಗ ಇರುತ್ತಿತ್ತು. ಬಿಳಿ ನೂಲಿನ ಸೀರೆ, ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ ತುರುಬು. ಒಳಗೆ ಮಲಗಿಸಿ ತೋಳಿಗೆ ಪಟ್ಟಿ ಸುತ್ತಿ ಪಾದರಸದ ಕಂಬ ನೋಡಿದರು. ಆಮೇಲೆ ಅಬ್ಬಾನಿಗೂ ಜೈತೂನಳಿಗೂ ನನ್ನನ್ನು ಎರಡೂ ಕಡೆ ಹಿಡಿದು ನಿಲ್ಲಿಸಲು ಹೇಳಿ ಮತ್ತೆ ನೋಡಿದರು. ನಿಂತ ಕೂಡಲೇ ಪಾದರಸ ಇಳಿಯಿತು. ಅವರು ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ನೋಡಿದರು. ನನ್ನನ್ನು ಮಲಗಿಸಿ, ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದರು:

"ದಸ್ತಗೀರ್, ನೀವು ಕಡೀಕ ಬೆವತದ್ದು ಯಾವಾಗ?"

ಯಾರೂ ನನಗೆ ಆ ಪ್ರಶ್ನೆ ಕೇಳಿರಲಿಲ್ಲ. ಮಾಟ, ದೃಷ್ಟಿ, ನಿಶ್ಶಕ್ತಿ, ಕೆಲಸಗಳ್ಳತನ ಎಲ್ಲ ಕೇಳಿ ಆಗಿತ್ತು. ಈ ಒಂದು ಪ್ರಶ್ನೆಯಲ್ಲಿ ನನ್ನ ಬೇನೆ ನಿಜವಾದದ್ದು, ಅದಕ್ಕೊಂದು ಜಾಡಿದೆ ಎಂದು ತಿಳಿಯಿತು. "ಜ್ವರಾ ಬಂದು ಹೋದ ಮ್ಯಾಲ ಬೆವತೇ ಇಲ್ರಿ" ಎಂದೆ. ಅಳು ಬಂತು, ಆದರೆ ಆ ಬೇನೆಯಲ್ಲಿ ಕಣ್ಣೀರೂ ಬರುತ್ತಿರಲಿಲ್ಲ.

ಅವರು ಜೈತೂನಳ ಕಡೆ ತಿರುಗಿ ವಿವರಿಸಿದರು. "ನಾವು ಹೇಳಲಾರದನ ಮೈಯೊಳಗ ಕೆಲಸಾ ಮಾಡೂ ನರಾ ಇರ್ತಾವರಿ. ನಿಂತಾಗ ರಕ್ತಾ ತಲೀಗೆ ಏರಸೂದು, ಬಿಸಲಾಗ ಬೆವರಸೂದು ಎಲ್ಲಾ ಅವುಗಳದ ಕೆಲಸ. ಇವರ ಜ್ವರದಾಗ ಅವು ಸೋತಾವ."

"ಅದಕ್ಕ ಏನಂತಾರ್ರಿ, ಬಾಯಾರ?" ಎಂದಳು ಜೈತೂನ್.

"ಹೆಸರಿನಿಂದ ನಿಮಗೇನೂ ಉಪಯೋಗಿಲ್ಲ. ಮಾಡೂದು ಏನಂತ ಹೇಳ್ತೇನಿ, ಅದನ್ನ ಕೇಳ್ರಿ."

ಮಂಚದ ತಲೆಯ ಕಡೆ ಇಟ್ಟಿಗೆ ಇಟ್ಟು ಎತ್ತರ ಮಾಡಬೇಕು. ಏಳುವ ಮೊದಲು ಪಾದದಿಂದ ತೊಡೆಯವರೆಗೆ ಬಿಗಿಯಾಗಿ ಬಟ್ಟೆ ಸುತ್ತಬೇಕು, ಹೊಟ್ಟೆಗೂ ಕಟ್ಟಬೇಕು. ಮಜ್ಜಿಗೆಗೆ ಉಪ್ಪು ಹೆಚ್ಚು ಹಾಕಿ ಕುಡಿಯಬೇಕು. ಬಿಸಿಲಲ್ಲಿ ಮೈಮೇಲೆ ಒದ್ದೆ ಬಟ್ಟೆ. ಹರ್ನಿಯಾದ ಮಾತು ಬಂದಾಗ, "ತ್ರಾಸ ಇಲ್ಲದಾಗನ ನಿಧಾನಕ್ಕ ಮಾಡಿಸ್ಕೊಂಡ್ರ ಛಲೋ. ಅದು ಸಿಕ್ಕೊಂಡು ಓಡಿ ಬರೂ ಹಂಗ ಆಗಬಾರದು" ಎಂದರು.

ಅಬ್ಬಾ ಕೈ ಮುಗಿದರು. "ಒಮ್ಮೆ ಹೋಗಿ ಬಂದಾನ್ರಿ, ಬಾಯಾರ. ಇನ್ನೊಮ್ಮೆ ನಾ ಕಳಸೂದಿಲ್ಲ. ಗಂಟ ಇದ್ರ ಇರ್ಲಿ." ಸುಮತಿಬಾಯಿ ಒತ್ತಾಯ ಮಾಡಲಿಲ್ಲ. ಆ ಸಿಹಿ ವಾಸನೆ ನೆನೆದರೇ ನನಗೂ ಜೀವ ಹಾರುತ್ತಿತ್ತು.

ಅದರ ನಂತರದ ತಿಂಗಳುಗಳ ಬೆಳಗುಗಳನ್ನು ನಾನು ಎಂದಿಗೂ ಮರೆಯಲಾರೆ. ಜೈತೂನ್ ತವರಿನಿಂದ ದಪ್ಪ ಖಾದಿ ತರಿಸಿ, ಉದ್ದುದ್ದ ಪಟ್ಟಿ ಹರಿದು, ಅಂಚು ಹೊಲಿದಿದ್ದಳು. ಬೆಳಕು ಹರಿಯುವ ಹೊತ್ತಿಗೆ ನನ್ನ ಪಾದದ ಹತ್ತಿರ ಕೂತು ಬೆರಳಿನಿಂದ ಸುತ್ತಲು ಶುರು ಮಾಡುತ್ತಿದ್ದಳು. ಆಗ ನಮ್ಮಿಬ್ಬರಿಗೂ ಮಾತಾಡಲು ಬಿಡುವು ಇರುತ್ತಿದ್ದದ್ದು ಅದೊಂದೇ ಹೊತ್ತು. ಗರಗದಲ್ಲಿ ತನ್ನ ಅಪ್ಪ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತರೆ ಊಟಕ್ಕೂ ಏಳುತ್ತಿರಲಿಲ್ಲವಂತೆ. ಅವ್ವ ಅಲ್ಲೇ ತುತ್ತು ಕೊಡುತ್ತಿದ್ದಳಂತೆ. ಇಂಥ ಮಾತು. ನಾನು ನಡುವೆ ಎದ್ದು ಕೂರಲು ಹೋದರೆ, "ಏಳಬ್ಯಾಡ್ರಿ, ಇನ್ನ ಮೊಣಕಾಲ ದಾಟಿಲ್ಲ" ಎಂದು ಗದರಿಸುತ್ತಿದ್ದಳು. ಕಟ್ಟಿ ಮುಗಿಸಿ ಉಪ್ಪಿನ ಮಜ್ಜಿಗೆ ಕೊಟ್ಟು, ಭುಜ ಕೊಟ್ಟು ನಿಲ್ಲಿಸುತ್ತಿದ್ದಳು. ನಾನು ನಿಂತಿದ್ದೇನೆ, ಬೀಳಲಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅವಳು ಒಲೆ ಹೊತ್ತಿಸುವುದು.

ಹಾಗೆ ದಿನ ಸಾಗುತ್ತಿತ್ತು. ಬೇಸಿಗೆ ತಿರುಗಿ ಬಂತು. ಒಂದು ಬೆಳಿಗ್ಗೆ ಗ್ಯಾರೇಜಿನಲ್ಲಿ ಕೆಮ್ಮು ಬಂದು ಗಂಟು ಇಳಿಯಿತು. ಎಷ್ಟು ಒತ್ತಿದರೂ ಒಳಗೆ ಹೋಗಲಿಲ್ಲ. ಕಲ್ಲಿನಂತಾಯಿತು. ವಾಂತಿ ಶುರುವಾಯಿತು, ಹೊಟ್ಟೆ ಹಿಂಡತೊಡಗಿತು. ಬಸಣ್ಣ ನನ್ನ ಮುಖ ನೋಡಿ ಬಸ್ಸಿನ ನೆಲದ ಮೇಲೆ ಗೋಣಿಚೀಲ ಹಾಸಿ ಮಲಗಿಸಿದ. ಅಬ್ಬಾ, ಜೈತೂನ್ ಓಡಿ ಬಂದರು. ಬಸ್ಸಿನಲ್ಲಿ ಆಗಲೇ ಕೂತಿದ್ದ ಪ್ರಯಾಣಿಕರು ಕಾಲು ಮೇಲೆತ್ತಿ ಕೂತು ಜಾಗ ಮಾಡಿದರು. ಅಂದು ಬಸಣ್ಣ ಹಾದಿಯಲ್ಲಿ ಎಲ್ಲಿಯೂ ಬಸ್ಸು ನಿಲ್ಲಿಸಲಿಲ್ಲ. ಆದರೆ ರಾಯಾಪುರದ ಏರಿನಲ್ಲಿ ಬಸ್ಸು ತಾನಾಗಿಯೇ ನಿಂತಿತು. ಗ್ಯಾಸು ಸಾಲಲಿಲ್ಲ. ಗಂಡಸರೆಲ್ಲ ಇಳಿದರು. ಕೆಳಗೆ ಮಲಗಿದ್ದ ನನಗೆ ಅವರ ದನಿ ಮಾತ್ರ ಕೇಳುತ್ತಿತ್ತು: "ಹೊಡೀರಿ ದಮ್ಮು! ಹುಡಗನ ಜೀಂವಾ ಐತಿ ಒಳಗ!" ಟಾಂಗಾದ ಗಾಲಿ ಮಾಡುವ ನಮ್ಮ ಅಬ್ಬಾನೂ ಆ ಮೋಟಾರಿಗೆ ಹೆಗಲು ಕೊಟ್ಟು ತಳ್ಳಿದರು.

ಆಸ್ಪತ್ರೆಯಲ್ಲಿ ಆಪರೇಶನ್ ಮಾಡುವ ದೊಡ್ಡ ಡಾಕ್ಟರರು ನೋಡಿ, "ಕರುಳು ಸಿಕ್ಕೊಂಡದ. ಈಗಿಂದೀಗ ತೆಗೀಬೇಕು. ಬೆನ್ನಿಗೆ ಸೂಜಿ ಹಾಕಿ ಸೊಂಟದ ಕೆಳಗ ಜೋಮು ಹಿಡಿಸಿ ಬಿಡೂಣು" ಎಂದರು.

ಸುಮತಿಬಾಯಿ ತಡೆದರು. "ಬ್ಯಾಡ್ರಿ ಸರ್. ಬೆನ್ನಿಗೆ ಹಾಕಿದ್ರ ಇವರ ರಕ್ತದ ಒತ್ತಡ ಪೂರ್ತಿ ಕುಸೀತದ, ತಿರುಗಿ ಏರಸೂ ಶಕ್ತಿ ಇವರ ನರಕ್ಕಿಲ್ಲ. ಕ್ಲೋರೋಫಾರ್ಮ್ ಕೊಟ್ಟು ಒಮ್ಮೆ ಆಗೇದ. ಗಂಟಿನ ಸುತ್ತ ಅಷ್ಟ ಚುಚ್ಚಿ ಜೋಮು ಹಿಡಸೂಣು. ಪೂರಾ ಎಚ್ಚರ ಇರಲಿ."

"ಒಳಗ ಕರುಳು ಹಿಡದು ಎಳದಾಗ ತಡಕೊಂಡಾನೇನು? ಒದ್ದಾಡಿದ್ರ?"

ಇಬ್ಬರೂ ನನ್ನ ಕಡೆ ನೋಡಿದರು. ಸುಮತಿಬಾಯಿ ಬಗ್ಗಿ ಕೇಳಿದರು. "ನೀವ ಹೇಳ್ರಿ, ದಸ್ತಗೀರ್. ನೋವು ಪೂರ್ತಿ ಹೋಗೂದಿಲ್ಲ. ಸುಳ್ಳು ಹೇಳೂದಿಲ್ಲ ನಾನು. ಆದ್ರ ನೀವು ಎಚ್ಚರ ಇದ್ರ ನನಗ ನಿಮ್ಮನ್ನ ಕಾಯೂದು ಹಗುರ ಆಗ್ತದ."

ನನಗೆ ನೋವಿಗಿಂತ ಆ ಸಿಹಿ ವಾಸನೆಯ ಕತ್ತಲೆಯ ಭಯವೇ ಹೆಚ್ಚಾಗಿತ್ತು. "ತಡಕೋತೇನ್ರಿ" ಎಂದೆ.

ಬಾಗಿಲ ಹತ್ತಿರ ಅಬ್ಬಾ ನಿಂತಿದ್ದರು. ಬೇಡವೆನ್ನುತ್ತಾರೆ ಎಂದುಕೊಂಡೆ. ಅವರು ನನ್ನ ಹಣೆಯ ಮೇಲೆ ಕೈಯಿಟ್ಟು, ಸುಮತಿಬಾಯಿಯ ಕಡೆ ನೋಡಿ, "ಅವನ ಕೈ ಬಿಡಬ್ಯಾಡ್ರಿ, ಬಾಯಾರ" ಎಂದಷ್ಟೇ ಅಂದರು. "ಬಿಡೂದಿಲ್ಲರಿ" ಎಂದರು ಅವರು. ಆ ಮಾತನ್ನು ಅಕ್ಷರಶಃ ಪಾಲಿಸಿದರು. ಆಪರೇಶನ್ ಮುಗಿಯುವವರೆಗೆ ಅವರ ಎಡಗೈ ನನ್ನ ಮಣಿಕಟ್ಟಿನ ಮೇಲೆಯೇ ಇತ್ತು.

ಒಳಗೆ ಬಿಸಿ ಹಬೆ. ನಾನು ಬೆವರಲಾರದವನಾದ್ದರಿಂದ ನನ್ನ ಹಣೆ, ಎದೆ, ತೋಳುಗಳಿಗೆ ಒದ್ದೆ ಟವೆಲು ಹಾಸಿದರು. ಕಾಲಿಗೆ ಜೈತೂನ್ ಬೆಳಿಗ್ಗೆ ಕಟ್ಟಿದ್ದ ಪಟ್ಟಿಗಳೇ ಇದ್ದವು. ನರ್ಸು ಬಿಚ್ಚಲು ಬಂದಾಗ ಸುಮತಿಬಾಯಿ, "ಇದ್ದು ಬಿಡ್ಲಿ, ನಮಗಿಂತ ಛಲೋ ಕಟ್ಟ್ಯಾರ" ಎಂದರು. ಮೇಜಿನ ತಲೆಯ ಕಡೆ ಸ್ವಲ್ಪ ಇಳಿಸಿದರು. ತೋಳಿಗೆ ಉಪ್ಪಿನ ನೀರಿನ ಬಾಟಲಿ ಹಚ್ಚಿ, ಎದೆಯ ಮುಂದೆ ಬಟ್ಟೆಯ ಪರದೆ ಕಟ್ಟಿದರು. ಗಂಟಿನ ಸುತ್ತ ಸೂಜಿ ಚುಚ್ಚಿದಾಗ ಮೊದಲು ಉರಿ, ಆಮೇಲೆ ಆ ಭಾಗವೇ ನನ್ನದಲ್ಲ ಎಂಬ ಹಾಗೆ ಜೋಮು.

"ನಾನು ಹುಬ್ಬಳ್ಳಿಗೆ ಬಸ್ಸಿನಾಗ ಒಮ್ಮೆನೂ ಹೋಗಿಲ್ಲ, ದಸ್ತಗೀರ್" ಎಂದರು ಸುಮತಿಬಾಯಿ, ಮಾತಿಗೆ ಕೂತವರ ಹಾಗೆ. "ಹುಬ್ಬಳ್ಳಿಯಿಂದ ಇಲ್ಲೀತನಕ ಹಾದಿ ಹೆಂಗದ ಹೇಳ್ರಿ. ಏನೂ ಬಿಡಬ್ಯಾಡ್ರಿ. ನಿಮ್ಮ ಮಾತು ನಿಲ್ಲಬಾರದು."

"ಎಲ್ಲಿಂದ ಸುರು ಮಾಡ್ಲಿರಿ?"

"ಬಸ್ಸಿನ ಒಲೀ ಹೊತ್ತಸೂದ್ರಿಂದ."

ಶುರು ಮಾಡಿದೆ. ಇದ್ದಿಲು ಹಸಿ ಇದ್ದರೆ ಹೇಗೆ ಹೊಗೆ ಕಾರುತ್ತದೆ, ಬಸಣ್ಣ ಸ್ಟೀರಿಂಗ್ ಮುಟ್ಟುವ ಮೊದಲು ಹೇಗೆ ಹಣೆಗೆ ಕೈ ಹಚ್ಚಿಕೊಳ್ಳುತ್ತಾನೆ ಎಂದೆಲ್ಲ ಹೇಳಿದೆ. ಹೊಸೂರು ದಾಟಿದೆವು. ಉಣಕಲ್ಲ ಕೆರೆ ಬಂತು. ಬೆಳಗಿನ ಹೊತ್ತು ಅದರ ಮೇಲಿಂದ ತಣ್ಣನೆಯ ಗಾಳಿ ಬಸ್ಸಿನೊಳಗೆ ನುಗ್ಗುತ್ತದೆ. ಪ್ರಯಾಣಿಕರೆಲ್ಲ ಒಮ್ಮೆಲೇ ಮಾತು ನಿಲ್ಲಿಸಿ ಮುಖ ಆ ಕಡೆ ಮಾಡುತ್ತಾರೆ. ಭೈರಿದೇವರಕೊಪ್ಪದಲ್ಲಿ ಒಬ್ಬ ಮುದುಕ ದಿನಾ ಕೈ ಮಾಡಿ ಬಸ್ಸು ನಿಲ್ಲಿಸಿ, ಹತ್ತದೆ, ವೇಳೆ ಎಷ್ಟಾಯಿತೆಂದು ಕೇಳಿ ಹೋಗುತ್ತಾನೆ. ಬಸಣ್ಣ ದಿನಾ ಬೈಯುತ್ತಾನೆ, ದಿನಾ ನಿಲ್ಲಿಸುತ್ತಾನೆ. ಪರದೆಯ ಆಚೆ ದೊಡ್ಡ ಡಾಕ್ಟರರು ಮೂಗಿನಲ್ಲೇ ನಕ್ಕದ್ದು ಕೇಳಿಸಿತು. ಅಮರಗೋಳದ ಹತ್ತಿರ ಹತ್ತಿಯ ಹೊಲ, ಹತ್ತಿ ಒಡೆದ ದಿನಗಳಲ್ಲಿ ಇಬ್ಬದಿಗೂ ಬೆಳ್ಳಗೆ. ಆಮೇಲೆ ಹಾದಿಯ ಮೇಲೆ ಕೊಂಬೆ ಕೂಡಿಸಿ ನಿಂತ ಹುಣಸೆಮರಗಳು.

ಅಷ್ಟರಲ್ಲಿ ಒಳಗೆ ಏನನ್ನೋ ಹಿಡಿದು ಎಳೆದರು. ಅದು ಚುಚ್ಚುವ ನೋವಲ್ಲ. ಹೊಕ್ಕುಳಿಂದ ಗಂಟಲವರೆಗೆ ಹಗ್ಗ ಕಟ್ಟಿ ಜಗ್ಗಿದ ಹಾಗೆ.

"ಹುಣಸೀಮರ ಆದ ಮ್ಯಾಲ?" ಸುಮತಿಬಾಯಿಯ ದನಿ.

"ರಾಯಾಪುರ್ರಿ…"

"ರಾಯಾಪುರದಾಗ ಏನದ?"

ರಾಯಾಪುರದಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಕೆಲವೇ ಗಂಟೆಗಳ ಹಿಂದೆ ಜನ ಅಲ್ಲಿ ನನ್ನ ಬಸ್ಸು ತಳ್ಳಿದ್ದರು. ಆದರೆ ಮಾತು ನಾಲಿಗೆಗೆ ಬರಲಿಲ್ಲ. ಮೇಲಿನ ದೀಪದ ಸುತ್ತ ಹಳದಿ ಬಳೆ ಕಟ್ಟಿತು. ದನಿಗಳೆಲ್ಲ ಬಾವಿಯ ತಳದಿಂದ ಬಂದಂತೆ ದೂರ ಸರಿದವು. ನೋವೂ ಹೋಯಿತು. ಹಿತವೇ ಎನಿಸಿತು, ಅದನ್ನು ಒಪ್ಪಿಕೊಳ್ಳಬೇಕು. ಸಾಯುವುದು ಹೀಗೇ ಇದ್ದರೆ ಹೆದರುವಂಥದ್ದು ಏನೂ ಇಲ್ಲ ಎಂದು ಯೋಚಿಸಿದ್ದು ನೆನಪಿದೆ.

"ಸರ್, ಕೈ ನಿಲ್ಲಸ್ರಿ! ಎಳೀಬ್ಯಾಡ್ರಿ!" ಸುಮತಿಬಾಯಿ ಕೂಗಿದರು. "ಮೇಜು ಇನ್ನ ಇಳಸ್ರಿ. ಕಾಲು ಎತ್ತಿ ಹಿಡೀರಿ. ಉಪ್ಪಿನ ನೀರು ಜೋರ ಬಿಡ್ರಿ." ಅವರ ಮುಖ ನನ್ನ ಮುಖದ ಮೇಲೆಯೇ ಬಂತು. ಅವರ ಹಣೆಯ ಬೆವರು ನನ್ನ ಕೆನ್ನೆಯ ಮೇಲೆ ಬಿತ್ತು. "ದಸ್ತಗೀರ್! ರಾಯಾಪುರದಾಗ ಇಳೀಬಾರದು. ತಿಕೀಟು ಧಾರವಾಡದ್ದು ಅದ. ಮುಂದ ಯಾವ ಊರು? ಹೇಳ್ರಿ, ಮುಂದ ಯಾವ ಊರು?"

ಎಷ್ಟು ಹೊತ್ತಾಯಿತೋ. ತೋಳಿನಲ್ಲಿ ತಣ್ಣನೆಯದು ಏನೋ ಏರುತ್ತಿತ್ತು. ದೀಪದ ಹಳದಿ ಬಳೆ ಕರಗಿತು. ಹೊಟ್ಟೆಯ ನೋವು ತಿರುಗಿ ಬಂತು, ಬಂದದ್ದಕ್ಕೆ ಸಂತೋಷವಾಯಿತು.

"ಸತ್ತೂರು" ಎಂದೆ.

"ಹಾಂ?"

"ಸತ್ತೂರು ಬರ್ತೈತ್ರಿ."

ಮಣಿಕಟ್ಟಿನ ಮೇಲಿದ್ದ ಅವರ ಕೈ ಬಿಗಿಯಾಯಿತು. ದೊಡ್ಡ ಡಾಕ್ಟರರು ಅಲ್ಲಿಯವರೆಗೆ ಕೈ ಮೇಲೆತ್ತಿಕೊಂಡು ನಿಂತಿದ್ದರಂತೆ. ಸಿಕ್ಕಿಕೊಂಡಿದ್ದ ಕರುಳು ಕಪ್ಪಗಾಗಿತ್ತು. ಅದರ ಮೇಲೆ ಬಿಸಿ ಬಟ್ಟೆ ಇಟ್ಟು, ಬಣ್ಣ ತಿರುಗಿ ಬರುತ್ತದೆಯೇ ಎಂದು ಎಲ್ಲರೂ ಕಾದರು. ನಾನೂ ಮಾತು ನಿಲ್ಲಿಸಿದೆ. ಈ ಸಲ ಸುಮತಿಬಾಯಿಯೂ ಕೇಳಲಿಲ್ಲ.

"ಕೆಂಪಾತು" ಎಂದರು ದೊಡ್ಡ ಡಾಕ್ಟರರು ಕೊನೆಗೆ. "ಜೀವಂತ ಅದ. ಕೊಯ್ಯೂದು ಬ್ಯಾಡ." ಆಮೇಲೆ ಪರದೆಯ ಮೇಲಿಂದ ನನ್ನ ಕಡೆ ಬಗ್ಗಿ, "ನವಲೂರಿನ ಪ್ಯಾರಲಹಣ್ಣು ಬಿಟ್ಟೀಯಲ್ಲೋ, ಹೇಳಿ ಮುಗಸು" ಎಂದರು. ಬುಟ್ಟಿ ಹೊತ್ತ ಹೆಂಗಸರು ಪೇರಲಹಣ್ಣನ್ನು ಬಸ್ಸಿನ ಕಿಟಕಿಗೆ ಹಿಡಿಯುವುದನ್ನು ಹೇಳುತ್ತಿರುವಾಗಲೇ ಹೊಲಿಗೆ ಮುಗಿಯಿತು.

ಹೊರಗೆ ತಂದಾಗ ಪಡಸಾಲೆಯಲ್ಲಿ ಅಬ್ಬಾ, ಜೈತೂನ್, ಬಸಣ್ಣ ಇದ್ದರು. ಅವರ ಹಿಂದೆ ಮುಖ ಪರಿಚಯವಿಲ್ಲದ ಇಬ್ಬರು ಮೂವರು. ಯಾರೆಂದು ಆಮೇಲೆ ತಿಳಿಯಿತು: ಬಸ್ಸಿನ ಪ್ರಯಾಣಿಕರು. ತಮ್ಮ ಕೆಲಸ ಮುಗಿಸಿ, ಹುಡುಗ ಏನಾದ ಎಂದು ಕೇಳಿಕೊಂಡು ಹೋಗಲು ಬಂದಿದ್ದರು.

ಗಾಯ ಮಾಯುವವರೆಗೆ ಧಾರವಾಡದ ಪಕ್ಕದ ಕೆಲಗೇರಿಯಲ್ಲಿ ಜೈತೂನಳ ಅಕ್ಕನ ಮನೆಯಲ್ಲಿ ಇದ್ದೆವು. ಸಂಜೆ ಕೆರೆಯ ಕಡೆಯಿಂದ ಗಾಳಿ ಬರುತ್ತಿತ್ತು. ಅಕ್ಕತಂಗಿಯರು ನನ್ನ ಕಾಲಿನ ಪಟ್ಟಿಗಳನ್ನು ಕೆರೆಯಲ್ಲಿ ಒಗೆದು ದಂಡೆಯ ಹುಲ್ಲಿನ ಮೇಲೆ ಉದ್ದಕ್ಕೆ ಹರವುತ್ತಿದ್ದರು. ದೂರದಿಂದ ನೋಡಿದರೆ ಯಾರೋ ನೆಲಕ್ಕೆ ಬಿಳಿ ಗೆರೆ ಎಳೆದ ಹಾಗೆ ಕಾಣುತ್ತಿತ್ತು. ಹುಬ್ಬಳ್ಳಿಗೆ ತಿರುಗಿ ಬಂದಾಗ ಅಬ್ಬಾ ನನಗಾಗಿ ಒಂದು ಎತ್ತರದ ಸ್ಟೂಲು ಮಾಡಿಟ್ಟಿದ್ದರು, ಬೆನ್ನಿಗೆ ಆಸರೆ, ಕಾಲಿಡಲು ಅಡ್ಡಪಟ್ಟಿ ಸಮೇತ. ಗ್ಯಾರೇಜಿನ ಮಾಲಕರು ನನ್ನನ್ನು ಕೂತು ಮಾಡುವ ಸಣ್ಣ ರಿಪೇರಿ ಕೆಲಸಕ್ಕೆ ಹಾಕಿದರು. ಬೇನೆ ಪೂರ್ತಿ ಹೋಗಲಿಲ್ಲ. ವರ್ಷ ಕಳೆದಂತೆ ಕಣ್ಣಲ್ಲಿ ನೀರು ಬಂತು, ಬಾಯಿ ತೇವವಾಯಿತು, ಬೀಳುವುದು ಕಡಿಮೆಯಾಯಿತು. ಹೆಚ್ಚು ಹೊತ್ತು ನಿಲ್ಲುವುದು ಮಾತ್ರ ಇಂದಿಗೂ ಆಗದು. ನನ್ನಂಥವರಿಗೆ ನಾನು ಹೇಳುವುದು ಇಷ್ಟೇ: ಯಾವ ಆಪರೇಶನ್ನಿಗೆ ಹೋದರೂ, ಎಷ್ಟೇ ಸಣ್ಣದಿದ್ದರೂ, ನಿಂತರೆ ಬೀಳುತ್ತೇನೆ ಎಂಬುದನ್ನು ಎಲ್ಲಕ್ಕಿಂತ ಮೊದಲು ಹೇಳಿ. ಕೇಳದಿದ್ದರೂ ಹೇಳಿ.

ಯುದ್ಧ ಮುಗಿದ ಮೇಲೆ ಸುಮತಿಬಾಯಿ ಊರಿಗೆ ಹೊರಟರು. ತಂದೆಗೆ ವಯಸ್ಸಾಗಿತ್ತು. ಸುದ್ದಿ ತಿಳಿದು ಅಬ್ಬಾ, ಜೈತೂನ್, ಬಸಣ್ಣ, ನಾನು ನಾಲ್ಕೂ ಜನ ಹುಬ್ಬಳ್ಳಿ ಸ್ಟೇಶನ್ನಿಗೆ ಹೋದೆವು. ಜೈತೂನ್ ಶೇಂಗಾ ಹೋಳಿಗೆ ಕಟ್ಟಿಕೊಂಡಿದ್ದಳು. ಸಿಪಾಯಿಗಳು, ಅವರ ಟ್ರಂಕುಗಳು, ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ಜಾಗವಿಲ್ಲ. ಸುಮತಿಬಾಯಿ ಕಿಟಕಿಯ ಹತ್ತಿರ ಕೂತಿದ್ದರು. ಹೋಳಿಗೆಯ ಗಂಟು ಇಸಿದುಕೊಂಡು ಜೈತೂನಳ ಕೈ ಹಿಡಿದು ಏನೇನೋ ಕೇಳಿದರು. ನಾನು ಜೈತೂನಳ ಪಕ್ಕದಲ್ಲಿ ಅಷ್ಟು ಹೊತ್ತೂ ನಿಂತೇ ಇದ್ದೆ.

ಗಾರ್ಡು ಸೀಟಿ ಊದಿದ. ಸುಮತಿಬಾಯಿ ಒಮ್ಮೆ ನನ್ನ ಮುಖ ನೋಡಿದವರು ಕಿಟಕಿಯಿಂದ ಹೊರಗೆ ಬಗ್ಗಿ ಕೂಗಿದರು.

"ದಸ್ತಗೀರ್, ಎಷ್ಟೊತ್ತಾತು ನಿಂತು? ಮುಖ ಬೆಳ್ಳಗಾಗೇದ. ಕೂಡ್ರಿ! ಮೊದಲ ಕೂಡ್ರಿ!"

"ನೀವ್ ಹೋಗೂತನಕ ನಿಲ್ತೇನ್ರಿ, ಬಾಯಾರ."

"ಕೂಡ್ರಿ ಅಂದ್ರ ಕೂಡ್ರಬೇಕು!"

ಕೂತೆ. ಅಷ್ಟು ಜನರ ನಡುವೆ, ಪ್ಲಾಟ್‌ಫಾರ್ಮಿನ ನೆಲದ ಮೇಲೆ. ಸುತ್ತ ಬರೀ ಕಾಲುಗಳು, ಬೂಟುಗಳು, ಟ್ರಂಕಿನ ಅಂಚುಗಳು. ಅವುಗಳ ಸಂದಿಯಲ್ಲಿ ರೈಲಿನ ಗಾಲಿ ಹೊರಳತೊಡಗಿದ್ದು ಕಾಣಿಸಿತು. ಕಿಟಕಿ ಕಾಣಿಸಲಿಲ್ಲ. ನನ್ನ ಹೆಗಲ ಮೇಲೆ ಕೈಯಿಟ್ಟು ಜೈತೂನ್ ನಿಂತಿದ್ದಳು.

"ಏನ್ ಮಾಡಾಕತ್ತಾರ?" ಎಂದು ಕೇಳಿದೆ.

"ಕೈ ಮಾಡಾಕತ್ತಾರ್ರಿ."

ಗಾಲಿಗಳ ಸದ್ದು ಜೋರಾಯಿತು.

"ಈಗ?"

"ಇನ್ನೂ ಮಾಡಾಕತ್ತಾರ."

ಸದ್ದು ದೂರವಾಗತೊಡಗಿತು. ನಾನು ಮತ್ತೆ ಕೇಳಲಿಲ್ಲ. ಜೈತೂನ್ ತಾನಾಗಿಯೇ, "ಇನ್ನೂ" ಎಂದಳು. ಸ್ವಲ್ಪ ತಡೆದು ಮತ್ತೆ, "ಇನ್ನೂ" ಎಂದಳು. ನಾನು ಆ ಕಾಲುಗಳ ನಡುವೆ ಕೂತಲ್ಲಿಂದಲೇ ತಲೆಯ ಮೇಲೆ ಕೈಯೆತ್ತಿ ಬೀಸುತ್ತಿದ್ದೆ.